ಮಡಿಸೀರೆಯೊಳಗಿನ ಗೊರಸು

2023ರ ಅಕ್ಟೋಬರಿನಲ್ಲಿ ನಾನು ವಾಷಿಂಗ್ಟನ್ ಡಿ.ಸಿ. ಹತ್ತಿರದ ಒಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಅಗ್ರಿಕಲ್ಚರ್ ಇನ್‌ಸ್ಪೆಕ್ಟರ್ ಆಗಿದ್ದೆ. ಸೇವೆಯ ಕೊನೆಯ ವರ್ಷಗಳು. ಹೊರದೇಶದಿಂದ ಬಂದಿಳಿಯುವವರ ಚೀಲಗಳಲ್ಲಿ ಮಾಂಸ, ಹಣ್ಣು, ಬೀಜ, ಮಣ್ಣು ನುಸುಳಿ, ಅವುಗಳ ಜೊತೆ ದನಕರುವಿನ ರೋಗವೋ ಬೆಳೆ ತಿನ್ನುವ ಹುಳವೋ ಒಳಗೆ ಬರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಜೊತೆಗೆ ಒಂದು ಬೀಗಲ್ ನಾಯಿ, ಹೆಸರು ಪೆಪ್ಪರ್. ಅದು ಬೊಗಳುವುದಿಲ್ಲ. ಅನುಮಾನ ಬಂದ ಚೀಲದ ಪಕ್ಕ ಸುಮ್ಮನೆ ಕೂತುಬಿಡುತ್ತದೆ.

ಸ್ಪೇನಿನ ವಿಮಾನ ಅಂದರೆ ನನಗೆ ಮೊದಲಿನಿಂದಲೂ ಅಲರ್ಜಿ. ಹೋಗುವಾಗ ಸಾಫ್ಟ್‌ವೇರ್ ಮ್ಯಾನೇಜರ್ ಆಗಿದ್ದವನು ರಜೆ ಮುಗಿಸಿ ಬರುವಷ್ಟರಲ್ಲಿ ವೈನ್ ಪಂಡಿತನಾಗಿರುತ್ತಾನೆ. ಯಾವ ಪ್ರಾಂತ್ಯದ ಮಣ್ಣಿಗೆ ಯಾವ ದ್ರಾಕ್ಷಿ, ಯಾವ ಹಂದಿ ಯಾವ ಮರದ ಕಾಯಿ ತಿಂದು ಕೊಬ್ಬಿತು ಅಂತ ಕ್ಯೂನಲ್ಲೇ ಉಪನ್ಯಾಸ ಶುರು. ತಂದದ್ದನ್ನು ತಿನ್ನುವುದಕ್ಕಿಂತ ಅದನ್ನು ನಾಲ್ಕು ಜನ ಗೆಳೆಯರ ಮುಂದಿಟ್ಟು ಹೆಸರು ಹೇಳುವುದೇ ಇವರಿಗೆ ರುಚಿ.

ತರಬಾರದು ಅಂತ ನಾವೇನೂ ಹೇಳುವುದಿಲ್ಲ. ರಿಯೋಹಾದ ವೈನ್ ತನ್ನಿ, ಲೆಕ್ಕ ಮೀರಿದ್ದಕ್ಕೆ ಸ್ವಲ್ಪ ಸುಂಕ ಬಿದ್ದೀತು. ಲಾ ಮಾಂಚಾದ ಕೇಸರಿ, ಅಲ್ಲಿನ ಕುರಿಹಾಲಿನ ಗಟ್ಟಿ ಚೀಸ್, ಲಾ ವೇರಾದ ಹೊಗೆ ಹಾಕಿದ ಮೆಣಸಿನಪುಡಿ, ಆಲಿವ್ ಎಣ್ಣೆ, ಬಾದಾಮಿಯ ತುರೋನ್ ಮಿಠಾಯಿ, ಎಲ್ಲವೂ ಆಗಬಹುದು. ಆಗದೇ ಇರುವುದು ಅಲ್ಲಿನ ಅಂಗಡಿಯಿಂದ ಕಟ್ಟಿಸಿಕೊಂಡು ಬರುವ ಹಂದಿಮಾಂಸ. ಅದನ್ನು ತಂದರೂ ‘ನನ್ನ ಹತ್ತಿರ ಇದಿದೆ’ ಅಂತ ಬಾಯಿಬಿಟ್ಟು ಹೇಳಿದರೆ ಸಾಕು, ಪದಾರ್ಥವನ್ನು ಸುಡುವುದಕ್ಕೆ ಇಟ್ಟುಕೊಂಡು ಮನುಷ್ಯನನ್ನು ಕಳಿಸುತ್ತೇವೆ. ಇದಕ್ಕೆ ಡಿಕ್ಲೇರ್ ಮಾಡುವುದು ಅನ್ನುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಜೊತೆಗೆ ಹೆಸರಿನ ಮುಂದೆ ಒಂದು ದಾಖಲೆ. ಆಗಾಗ ಪ್ರಯಾಣ ಮಾಡುವವರಿಗೆ ಉದ್ದದ ಕ್ಯೂ ತಪ್ಪಿಸಲು ಕೊಡುವ ಟ್ರಸ್ಟೆಡ್ ಟ್ರಾವೆಲರ್ ಕಾರ್ಡ್ ಇದ್ದರೆ ಅದೂ ಹೋಗುತ್ತದೆ.

ಅವತ್ತು ಮಧ್ಯಾಹ್ನ ಮ್ಯಾಡ್ರಿಡ್ ವಿಮಾನ ಬಂದಾಗ ಪೆಪ್ಪರ್ ಒಂದು ಟ್ರಾಲಿಯ ಪಕ್ಕ ಕೂತಿತು. ಟ್ರಾಲಿ ಹಿಡಿದವನು ನಲವತ್ತರ ಆಸುಪಾಸಿನ ಚೇತನ್. ಹತ್ತಿರದ ಕೊಲಂಬಿಯಾ ಅನ್ನುವ ಊರಿನಲ್ಲಿ ಮನೆ, ಯಾವುದೋ ಕ್ಲೌಡ್ ಕಂಪನಿಯಲ್ಲಿ ಡೈರೆಕ್ಟರ್. ಪಕ್ಕದಲ್ಲಿ ಅವನ ಅತ್ತೆ, ಹೆಂಡತಿಯ ತಾಯಿ, ಮೈಸೂರಿನ ವಿಶಾಲಾಕ್ಷಮ್ಮ. ಹಣೆ ತುಂಬ ಕುಂಕುಮ, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ನಾಯಿ ಸೋಕೀತೆಂದು ಸೆರಗು ಎಳೆದುಕೊಂಡು ದೂರ ನಿಂತರು.

ಮಾಂಸ, ಹಣ್ಣು, ಗಿಡ ಏನಾದರೂ ಇದೆಯೇ ಅಂತ ಇಂಗ್ಲಿಷಿನಲ್ಲಿ ಕೇಳಿದೆ.

“ನೋ ನೋ ಆಫೀಸರ್, ವೀ ಆರ್ ವೆಜಿಟೇರಿಯನ್ಸ್,” ಅಂದ.

ನನ್ನ ಅಂಗಿಯ ಮೇಲಿನ ‘ಫರ್ನಾಂಡಿಸ್’ ಅನ್ನುವ ಹೆಸರು ಓದಿ, ಮೆಕ್ಸಿಕೋ ಕಡೆಯವಳು ಅಂದುಕೊಂಡನೋ ಏನೋ, “ಗ್ರಾಸಿಯಾಸ್, ಸೆನ್ಯೋರಾ” ಅಂತಲೂ ಸೇರಿಸಿದ. ರಜೆಯಲ್ಲಿ ಕಲಿತ ಸ್ಪ್ಯಾನಿಷ್. ನಾನು ಹುಟ್ಟಿದ್ದು ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿ. ತಿದ್ದುವ ಅಗತ್ಯ ಕಾಣಲಿಲ್ಲ.

ಇಬ್ಬರನ್ನೂ ಸೆಕೆಂಡರಿಗೆ ಕರೆದೊಯ್ದೆ. ಅಂದರೆ ಚೀಲ ಬಿಚ್ಚಿ ನೋಡುವ ಒಳಗಿನ ಕೋಣೆ. ಮೊದಲು ಅವನ ಸೂಟ್‌ಕೇಸ್. ವೈನ್ ಬಾಟಲಿಗಳು, ಚೀಸ್, ಕೇಸರಿ ಡಬ್ಬಿ. ಒಂದೊಂದನ್ನು ಹೊರಗಿಡುವಾಗಲೂ ಅದರ ಊರು, ಹವಾಮಾನ, ವಂಶಾವಳಿ ಹೇಳಿದ. ವೈನ್ ಕಣಿವೆಗಳನ್ನು ನೋಡುವುದಕ್ಕೆಂದೇ ನಾಲ್ಕು ದಿನ ಹೆಚ್ಚು ಉಳಿದದ್ದಂತೆ. ಹೆಂಡತಿ ದೀಪ್ತಿ ಬಸುರಿ, ರಜೆ ಮುಗಿದು ಮೊದಲೇ ವಾಪಸ್ ಬಂದಳು. ಅತ್ತೆಯನ್ನು ತಾನೇ ಸುತ್ತಾಡಿಸಿದ. ಸುತ್ತಾಟ ಅಂದರೆ ಇವನು ಒಳಗೆ ಗ್ಲಾಸ್ ತಿರುಗಿಸುತ್ತಿದ್ದಾಗ ಆಕೆ ಕಾರಿನಲ್ಲಿ ಕೂತು ಸಹಸ್ರನಾಮ ಹೇಳಿಕೊಂಡದ್ದು.

ಸೂಟ್‌ಕೇಸಿನ ತಳದಲ್ಲಿ ಮರದ ಒಂದು ಸ್ಟ್ಯಾಂಡ್ ಸಿಕ್ಕಿತು. ಮೇಲೆ ಕಬ್ಬಿಣದ ಹಿಡಿ, ಅದಕ್ಕೊಂದು ತಿರುಪು. ಜೊತೆಗೆ ಉದ್ದನೆಯ ತೆಳು ಚಾಕು. ಇದೇನು ಅಂತ ಕೇಳಿದೆ.

“ಜಸ್ಟ್ ಡೆಕೋರೇಶನ್,” ಅಂದ. ಇಲ್ಲಿಯವರೆಗೆ ಧಾರಾಳವಾಗಿ ಹರಿದ ಮಾತು ಇದೊಂದಕ್ಕೆ ಮಾತ್ರ ಎರಡೇ ಪದಕ್ಕೆ ನಿಂತಿತು.

ಆಮೇಲೆ ಅತ್ತೆಯ ಸೂಟ್‌ಕೇಸ್. ಹಿಡಿಗೆ ಕೆಂಪು ರಿಬ್ಬನ್. ಒಳಗೆ ಪುಟ್ಟ ರೈಸ್ ಕುಕ್ಕರ್, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಬಾಟಲಿ, ಇಸ್ತ್ರಿ ಮಾಡಿದ ಸೀರೆಗಳು. ಅಡ್ಡಡ್ಡ ಮಲಗಿಸಿದ ಒಂದು ಉದ್ದನೆಯ ಗಂಟು. ಸುತ್ತಿದ್ದದ್ದು ಮಾಸಲು ಕೆಂಪಿನ ಹಳೆಯ ರೇಷ್ಮೆ ಸೀರೆ. ಪೂಜೆಗೆ, ಶ್ರಾದ್ಧಕ್ಕೆ ಉಟ್ಟು, ಬೇರೆ ಯಾರೂ ಮುಟ್ಟದಂತೆ ಎತ್ತಿಡುವ ಮಡಿಸೀರೆ. ಬಿಚ್ಚಿದೆ. ಹಂದಿಯ ಮುಂಗಾಲು, ಉಪ್ಪು ಹಾಕಿ ವರ್ಷಗಟ್ಟಲೆ ಒಣಗಿಸಿದ್ದು. ತುದಿಯಲ್ಲಿ ಕಪ್ಪು ಗೊರಸು ಹಾಗೇ ಇತ್ತು.

ಹಂದಿಮಾಂಸದ ಅಡುಗೆಯಿಲ್ಲದೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ನಡೆಯುವುದಿಲ್ಲ. ಮಾಂಸದ ಬಗ್ಗೆ ನನಗೆ ಹೇಸಿಗೆಯಿಲ್ಲ. ಹೇಸಿಗೆಯಾದದ್ದು ಅದನ್ನು ಸುತ್ತಲು ಆ ಸೀರೆಯನ್ನೇ ಆರಿಸಿದ ಬುದ್ಧಿಯ ಬಗ್ಗೆ. ಅತ್ತೆ ಮನೆ ಸೇರುವ ತನಕ ಅದನ್ನು ಬಿಚ್ಚುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

“ಹೂಸ್ ಇಸ್ ದಿಸ್?”

“ಇಟ್ಸ್ ಹರ್ ಸೂಟ್‌ಕೇಸ್, ಆಫೀಸರ್. ಐ ಡೋಂಟ್ ನೋ ವಾಟ್ ಶೀ ಪ್ಯಾಕ್ಡ್,” ಅಂತ ಇಂಗ್ಲಿಷಿನಲ್ಲೇ ಹೇಳಿದ. ಆಮೇಲೆ ಅತ್ತೆಯ ಕಡೆ ತಿರುಗಿ, ನನ್ನ ಎದುರಿಗೇ, ಕನ್ನಡದಲ್ಲಿ ಶುರು ಮಾಡಿದ. “ಅತ್ತೆ, ಅದೊಂದು ಶೋಪೀಸ್. ನಿಮ್ಮದು ಅಂತ ಹೇಳ್ಬಿಡಿ. ವಯಸ್ಸಾದವರಿಗೆ ಇವರೇನೂ ಮಾಡಲ್ಲ. ನನ್ನ ಕಾರ್ಡ್ ಕ್ಯಾನ್ಸಲ್ ಆದ್ರೆ ಪ್ರತೀ ಟ್ರಿಪ್ಪಿಗೂ ಕ್ಯೂನಲ್ಲಿ ಸಾಯಬೇಕು.”

ವಿಶಾಲಾಕ್ಷಮ್ಮ ಗಂಟನ್ನೇ ನೋಡುತ್ತಿದ್ದರು. “ಗೊರಸಿರೋ ಶೋಪೀಸಾ?” ಅಂದರು.

ಅವನು ಜೇಬಿನಿಂದ ಫೋನ್ ತೆಗೆದ. ಆಕೆ ನನ್ನ ಕಡೆ ತಿರುಗಿ, ಬಂದಷ್ಟು ಇಂಗ್ಲಿಷಿನಲ್ಲಿ, “ಯೆಸ್ ಮೇಡಂ. ಮೈ ಬ್ಯಾಗ್. ಮೈ ಥಿಂಗ್,” ಅಂದರು.

ಚೀಲದ ಒಡೆಯರು ನನ್ನದು ಅಂದರೆ ನಾನು ಹಾಗೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆಕೆ ವಿಸಿಟರ್ ವೀಸಾದವರು. ಮಾಂಸ ಬಚ್ಚಿಟ್ಟು ಸುಳ್ಳು ಹೇಳಿದರು ಅಂತ ದಾಖಲಾದರೆ ಮುಂದಿನ ಸಲ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ, ಉತ್ತರ ಒಪ್ಪಿಗೆಯಾಗದಿದ್ದರೆ ವಾಪಸ್ ಕಳಿಸಲೂಬಹುದು. ಮಾರ್ಚಿನಲ್ಲಿ ದೀಪ್ತಿಯ ಹೆರಿಗೆ, ಅದಕ್ಕೆ ಅತ್ತೆ ಮತ್ತೆ ಬರಬೇಕು ಅಂತ ವೈನಿನ ಕಥೆಯ ಮಧ್ಯೆ ಇವನೇ ಹೇಳಿದ್ದ. ಹೆಂಡತಿಯ ಬಾಣಂತನವನ್ನು ಕ್ಯೂ ತಪ್ಪಿಸುವ ಒಂದು ಕಾರ್ಡಿಗೆ ಅಡವಿಡುತ್ತಿದ್ದಾನೆ ಅಂತ ಅವನಿಗೆ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು.

“ಅಮ್ಮಾ, ಕೂತ್ಕೊಳ್ಳಿ,” ಅಂದೆ. “ನಾನೂ ಮೈಸೂರಿನವಳೇ.”

ಚೇತನನ ಮುಖದ ಬಣ್ಣ ಇಳಿಯಿತು. “ಅಯ್ಯೋ ಮೇಡಂ, ನಮ್ಮವರಾ? ಮೊದಲೇ ಹೇಳಬಾರದಿತ್ತಾ!” ಅಂತ ಹಲ್ಲು ಕಿರಿದ. ಇಂಥವರ ‘ನಮ್ಮವಳು’ ನಾನಲ್ಲ.

“ಇದು ಹಂದಿಕಾಲು ಅಮ್ಮ. ನಿಮ್ಮ ಹೆಸರಲ್ಲಿ ಬರೆದರೆ ಮಾರ್ಚಿನಲ್ಲಿ ಬರೋಕೆ ತೊಂದರೆ ಆಗಬಹುದು. ಈ ಸೂಟ್‌ಕೇಸ್ ಕಟ್ಟಿದ್ದು ಯಾರು?”

ಆಕೆ ಅಳಿಯನನ್ನು ನೋಡಿದರು. ಒಂದು ಮಾತು ಹೇಳುತ್ತಾನೇನೋ ಅಂತ ನಾನೂ ಕಾದೆ. ಅವನು ತಲೆ ತಗ್ಗಿಸಿ ಫೋನ್ ಉಜ್ಜುತ್ತಿದ್ದ.

“ನಾನೇ ಕಟ್ಟಿದ್ದು,” ಅಂದರು ವಿಶಾಲಾಕ್ಷಮ್ಮ. “ಬರ್ಕೊಳ್ಳಮ್ಮ. ಬಸುರಿ ಹುಡುಗಿ ಹೊರಗಡೆ ಕಾಯ್ತಾ ಇದಾಳೆ. ಇದೆಲ್ಲ ಅವಳ ಕಿವಿಗೆ ಬೀಳೋದು ಬೇಡ.”

ಕೆಲಸಕ್ಕೆ ಸೇರಿದಾಗಿನಿಂದ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಯೂನಿಫಾರ್ಮ್ ತಡೆಯಿತು. ಅವನ ಸ್ಟ್ಯಾಂಡನ್ನು ತಂದು ಮೇಜಿನ ಮೇಲಿಟ್ಟೆ. ಗವಸು ಹಾಕಿದ ಕೈಯಲ್ಲಿ ಆ ಕಾಲನ್ನೆತ್ತಿ ಹಿಡಿಯೊಳಗೆ ಕೂರಿಸಿ ತಿರುಪು ಬಿಗಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚಾಕುವನ್ನು ಪಕ್ಕದಲ್ಲಿಟ್ಟೆ. ಮೇಲಧಿಕಾರಿಯನ್ನು ಕರೆದು ತೋರಿಸಿ, ಅಳಿಯ ಕನ್ನಡದಲ್ಲಿ ಹೇಳಿಕೊಟ್ಟದ್ದನ್ನು ಪದಕ್ಕೆ ಪದ ಇಂಗ್ಲಿಷಿನಲ್ಲಿ ಹೇಳಿದೆ. ಕೇಸು ಚೇತನನ ಹೆಸರಿಗೆ ಬಿತ್ತು. ಕಾರ್ಡಿನ ಕಥೆಯೂ ಅಲ್ಲಿಗೆ ಮುಗಿಯಿತು. ಅವನ ತಪ್ಪೊಪ್ಪಿಗೆ ಯಾರಿಗೂ ಬೇಕಾಗಲಿಲ್ಲ.

ಅತ್ತೆಗೆ ಒಂದು ‘ಸಾರಿ’ ಬರಬಹುದು ಅಂದುಕೊಂಡೆ. ಅವನು ಕೇಳಿದ್ದು ಇಷ್ಟು: “ಮೇಡಂ, ಇದನ್ನ ನಿಜವಾಗ್ಲೂ ಸುಟ್ಟುಬಿಡ್ತೀರಾ? ಓಕ್ ಮರದ ಕಾಯಿ ಮಾತ್ರ ತಿಂದು ಬೆಳೆದ ಹಂದಿ ಇದು!”

ಹಂದಿಗೆ ಸಿಕ್ಕಿದ ಆ ಕನಿಕರದಲ್ಲಿ ಒಂದು ಚೂರೂ ಆ ಹೆಂಗಸಿಗೆ ಸಿಗಲಿಲ್ಲ.

ಸೀರೆಯನ್ನು ಏನು ಮಾಡಲಿ ಅಂತ ವಿಶಾಲಾಕ್ಷಮ್ಮನನ್ನು ಕೇಳಿದೆ. ಕೊಬ್ಬಿನ ಜಿಡ್ಡು ಒಗೆದರೆ ಹೋಗುತ್ತದೆ, ವಾಪಸ್ ಕೊಡಬಹುದಿತ್ತು. ಆಕೆ ತಲೆಯಾಡಿಸಿ, ತಾವೇ ಅದನ್ನು ನಾಲ್ಕಾಗಿ ಮಡಿಸಿ ಕಸದ ಡಬ್ಬಿಯೊಳಗೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಅಳಿಯ ಅವರ ಸೂಟ್‌ಕೇಸಿಗೆ ಕೈ ಹಾಕಿದಾಗ, “ಬೇಡ, ಬಿಡಿ,” ಅಂದು ತಾವೇ ಎಳೆದುಕೊಂಡು ಹೊರಟರು. ಅವನು ಟ್ರಾಲಿಯಲ್ಲಿ ವೈನ್ ಬಾಟಲಿಗಳನ್ನು ಕಿಣಿಕಿಣಿ ಅನ್ನಿಸುತ್ತ ಹಿಂದೆ ಹೋದ.

ಅಂದಿನಿಂದ ನನ್ನ ಪ್ರಶ್ನೆಯ ಕ್ರಮ ಬದಲಾಯಿತು. ಚೀಲದಲ್ಲಿ ಏನಿದೆ ಅಂತ ಆಮೇಲೆ, ಕಟ್ಟಿದ್ದು ಯಾರು ಅಂತ ಮೊದಲು. ಹೊಸದಾಗಿ ಸೇರಿದವರಿಗೂ ಹಾಗೇ ಹೇಳಿಕೊಟ್ಟೆ. ಬಚ್ಚಿಟ್ಟ ಮಾಲನ್ನು ನಾಯಿ ಹಿಡಿಯುತ್ತದೆ. ಅದನ್ನು ಯಾರ ತಲೆಗೆ ಕಟ್ಟಿದ್ದಾರೆ ಅಂತ ನೋಡುವುದು ಮನುಷ್ಯರ ಕೆಲಸ.

ಮಾರ್ಚಿನಲ್ಲಿ ಬೆಂಗಳೂರಿನಿಂದ ಬಂದ ಪ್ರಯಾಣಿಕರ ಸಾಲಿನಲ್ಲಿ ಆ ಕೆಂಪು ರಿಬ್ಬನ್ ಕಂಡಿತು. ವಿಶಾಲಾಕ್ಷಮ್ಮ ಒಬ್ಬರೇ ಬಂದಿದ್ದರು. ಪೆಪ್ಪರ್ ಮೂಸಿ ಮುಂದೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಾಣಂತಿ ಖಾರ, ಚಟ್ನಿಪುಡಿ. ಬೀಗದ ಕೈ ನನ್ನ ಕೊರಳಲ್ಲೇ ಇದೆ. ಎಲ್ಲಾ ನಾನೇ ಕಟ್ಟಿದ್ದು.”

ಈ ಸಲ ಅದು ನಿಜ. ಬಿಚ್ಚಿಸದೆ ಕಳಿಸಿದೆ.