ದಪ್ಪತಂತಿ ಹೋಗದ ಊರುಗಳು

ಆಳು ನೋಡಿದರೆ ಕಡ್ಡಿ, ಹೆಸರು ಮಾತ್ರ ದಪ್ಪತಂತಿ. ರಾಕ್ ಬ್ಯಾಂಡೊಂದರಲ್ಲಿ ಬೇಸ್ ಗಿಟಾರಿನ ನಾಲ್ಕು ದಪ್ಪ ತಂತಿಗಳನ್ನು ಇಪ್ಪತ್ತೊಂದು ವರ್ಷ ಮೀಟಿದವನಿಗೆ ಗೆಳೆಯರು ಇಟ್ಟ ಹೆಸರು ಅದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಹಗಲು ಅವನಿಗೆ ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಲೆಕ್ಕ ತಪ್ಪದಂತೆ ಸುತ್ತಬೇಕು. ಸಂಜೆಯಾದರೆ ಕೈಗೆ ಮೆತ್ತಿದ ವಾರ್ನಿಷನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಟೈರು ಗೋದಾಮಿನ ಮೇಲಿನ ಅಭ್ಯಾಸದ ಕೋಣೆಗೆ ಸೀದಾ ಹೋಗಿಬಿಡುತ್ತಿದ್ದ. ಆ ಕೋಣೆಯ ರಬ್ಬರಿನ ವಾಸನೆ ಅವನ ಅಂಗಿ ಒಗೆದರೂ ಹೋಗುತ್ತಿರಲಿಲ್ಲ.

ಬ್ಯಾಂಡಿನಲ್ಲಿ ನಾಲ್ವರು. ಹಾಡುವವನು ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ, ಆಮೇಲೆ ತಂಗಿಯ ಗಂಡ. ಇಬ್ಬರೂ ಒಬ್ಬರನ್ನೊಬ್ಬರು 'ಭಾವ' ಎನ್ನುತ್ತಿದ್ದರು. "ಇಬ್ರಲ್ಲಿ ಯಾರು ಯಾರಿಗೆ ಭಾವ?" ಎಂದು ಡ್ರಮ್ಮಿನವನು ಛೇಡಿಸಿದರೆ, "ಯಾರ ಜೇಬು ಖಾಲಿಯೋ ಅವನು" ಎಂದು ದಪ್ಪತಂತಿ ನಗುತ್ತಿದ್ದ.

ನಲವತ್ತು ದಾಟಿ, ಇನ್ನು ಇಷ್ಟೇ ನಮ್ಮ ಹಣೆಬರಹ ಎಂದುಕೊಳ್ಳುವ ಹೊತ್ತಿಗೆ ಅವರ ಒಂದು ಹಾಡು ಹೇಗೋ ಗಡಿ ದಾಟಿ ಹೋಯಿತು. ಹನ್ನೊಂದು ದೇಶ, ಹದಿನೇಳು ಕಛೇರಿಗಳ ಪ್ರವಾಸಕ್ಕೆ ಕರೆ ಬಂತು. ದಪ್ಪತಂತಿ ಹೊಸ ಬೂಟು ಕೊಂಡ. ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಮೂವರಿಗೆ ವೀಸಾ ಬಂತು. ಅವನಿಗೆ ಮಾತ್ರ ಬರಲಿಲ್ಲ. ಕಾಗದದಲ್ಲಿ ಒಂದೇ ಸಾಲಿನ ಕಾರಣವಿತ್ತು: ಹಿಂದಿನ ಅಪರಾಧ ದಾಖಲೆ.

ಆ ದಾಖಲೆಯ ನಿಜ ಕಥೆ ಅವನಿಗೂ ಹಾಡುವವನಿಗೂ ಮಾತ್ರ ಗೊತ್ತಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಕಾಲೇಜಿನ ಕಾರ್ಯಕ್ರಮ ಮುಗಿದು, ಜನ ಚದುರಿ, ಇವರಿಬ್ಬರೇ ಸಾಮಾನು ಕಟ್ಟುತ್ತಿದ್ದಾಗ ಕುಡಿದವನೊಬ್ಬ ವೇದಿಕೆಗೆ ಹತ್ತಿ ಬಾಯಿಗೆ ಬಂದಂತೆ ಬೈದಿದ್ದ. ಹಾಡುವವನು ಮೈಕಿನ ಕಂಬ ಬೀಸಿದ. ಕುಡಿದವನ ದವಡೆ ಮುರಿಯಿತು. ಮುಂದಿನ ವಾರವೇ ತಂಗಿಯ ಮದುವೆ ಇತ್ತು, ಅದೇ ಹಾಡುವವನ ಜೊತೆ. ಪೊಲೀಸರು ಬಂದಾಗ ದಪ್ಪತಂತಿ ಮುಂದೆ ಬಂದು "ಹೊಡೆದದ್ದು ನಾನು" ಎಂದುಬಿಟ್ಟ. ಮೂರು ತಿಂಗಳು ಜೈಲಿನಲ್ಲಿದ್ದ. ತಂಗಿಯ ಮದುವೆ ಅಣ್ಣನಿಲ್ಲದೆ ನಡೆಯಿತು. ಅಣ್ಣನ ಮುಂಗೋಪವೇ ಇದಕ್ಕೆಲ್ಲ ಕಾರಣ ಎಂದು ಅವಳು ಇಂದಿಗೂ ನಂಬಿದ್ದಾಳೆ.

ವೀಸಾ ಕಾಗದ ಬಂದ ದಿನ ಹಾಡುವವನು ಗೋದಾಮಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. "ನೀನಿಲ್ದೆ ನಾವೂ ಹೋಗಲ್ಲ ಭಾವ" ಎಂದ.

"ಹುಚ್ಚಪ್ಪ, ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡ್ಬೇಡ. ಹೋಗಿ ಬನ್ನಿ."

ಇನ್ನೊಂದು ಸಲ ಬೇಡವೆನ್ನುತ್ತಾನೇನೋ ಎಂದು ದಪ್ಪತಂತಿ ಕಾದ. ಹಾಡುವವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

ಬದಲಿಗೆ ಸಿಕ್ಕವಳು ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ ಟೀಚರ್. ಹನ್ನೆರಡು ದಿನ ರಜೆ ಹಾಕಿ ದಪ್ಪತಂತಿಯೇ ಅವಳಿಗೆ ಎಲ್ಲ ಹಾಡುಗಳನ್ನು ಹೇಳಿಕೊಟ್ಟ. ಅವನ ವಿದ್ಯೆಯೆಲ್ಲ ಬೆರಳಿನಲ್ಲಿತ್ತು, ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಅವಳು ಒಂದೊಂದನ್ನೂ ಕೇಳಿ ಬರೆದುಕೊಂಡಳು.

"ಸರ್, ಇಲ್ಲೊಂದು ಸ್ವರ ಬಿಟ್ಟುಬಿಡ್ತೀರಲ್ಲ, ಯಾಕೆ?"

"ಅಲ್ಲಿ ಅವನು ಉಸಿರು ತಗೋತಾನೆ. ನಾವು ಜಾಗ ಕೊಡ್ಬೇಕು. ಅದನ್ನ ಬರ್ಕೊಳ್ಳಿ, ಮರೀಬೇಡಿ."

ಅವಳು ಬರೆದುಕೊಂಡು, ಅದರ ಕೆಳಗೆ ಎರಡು ಗೆರೆ ಎಳೆದಳು.

ಅವರು ಹೊರಟ ಮೇಲೆ ಮೊದಲ ವಾರ ದಿನಕ್ಕೊಂದು ಫೋನು ಬಂತು. ಆಮೇಲೆ ವಾರಕ್ಕೊಂದಾಯಿತು. ಆಮೇಲೆ ಬರೀ ಫೋಟೊಗಳು: ಹಿಮದಲ್ಲಿ ನಿಂತ ಬಸ್ಸು, ಹೋಟೆಲಿನ ಕಿಟಕಿ, ಮುಖ ಕಾಣದಷ್ಟು ದೂರದ ಜನಸಾಗರ. ಒಂದು ಭಾನುವಾರ ಮಧ್ಯಾಹ್ನ ಕಛೇರಿ ನೇರ ಪ್ರಸಾರವಾಯಿತು. ತಂಗಿ ತನ್ನ ಮನೆಗೇ ಕರೆದಿದ್ದಳು. ಅಣ್ಣ, ಅತ್ತಿಗೆ, ಅವಳು ಮೂವರೂ ಟಿವಿಯ ಮುಂದೆ ಕೂತರು.

ಗಡಿ ದಾಟಿದ ಆ ಹಾಡು ಬಂತು. ದಪ್ಪತಂತಿಯ ಬೆರಳು ತೊಡೆಯ ಮೇಲೆ ತಾನಾಗಿ ಆಡತೊಡಗಿದವು. ಉಸಿರಿನ ಜಾಗಕ್ಕೆ ಬಂದಾಗ ಬೆರಳು ನಿಂತವು. ಟಿವಿಯಲ್ಲಿ ಟೀಚರ್ ನಿಲ್ಲಿಸಲಿಲ್ಲ. ಆ ಖಾಲಿ ಜಾಗದಲ್ಲಿ ಮೂರು ಸ್ವರ ಏರಿಸಿ ನುಡಿಸಿದಳು; ಹಾಡುವವನು ಉಸಿರಿಗೆ ನಿಲ್ಲದೆ ಅವಳ ಜೊತೆಗೇ ಏರಿ, ಅವಳತ್ತ ತಿರುಗಿ ನಕ್ಕ. ಜನ ಹುಚ್ಚೆದ್ದು ಕೂಗಿದರು.

ಇಪ್ಪತ್ತೊಂದು ವರ್ಷದಲ್ಲಿ ಆ ಹಾಡು ಅಷ್ಟು ಚೆನ್ನಾಗಿ ಎಂದೂ ಕೇಳಿಸಿರಲಿಲ್ಲ. ಅದು ಅಲ್ಲಿದ್ದ ಹೆಂಗಸರಿಬ್ಬರಿಗೂ ಗೊತ್ತಾಗದಿರಬಹುದು, ಅವನಿಗೆ ಗೊತ್ತಾಯಿತು.

"ಏನ್ರೀ, ಮುಖ ಯಾಕೆ ಹೀಗಾಯ್ತು?" ಎಂದಳು ಹೆಂಡತಿ.

"ಸೆಖೆ" ಎಂದ.

ಬ್ಯಾಂಡು ಮರಳಿದ ಎಂಟನೆಯ ದಿನ ಹಾಡುವವನು ಮೋಟಾರು ಅಂಗಡಿಗೆ ಬಂದ. ದಪ್ಪತಂತಿ ಒಂದು ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅವನನ್ನು ನೋಡಿಯೂ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮುಂದಿನ ವರ್ಷ ಮತ್ತೆ ಕರೆದಿದ್ದಾರೆ ಭಾವ. ಹೇಗೆ ಹೇಳ್ಲಿ ಅಂತ ಗೊತ್ತಾಗ್ತಿಲ್ಲ..."

"ಹೇಳ್ಬೇಡ ಬಿಡು. ಟೀಚರೇ ಇರ್ಲಿ. ಚೆನ್ನಾಗಿ ನುಡಿಸ್ತಾರೆ."

ಹಾಡುವವನು ಸ್ಟೂಲು ಎಳೆದುಕೊಂಡು ಹತ್ತಿರ ಕೂತ. "ಮನೇಲಿ ಅವಳು ಕೇಳ್ತಾಳೆ. ಅಣ್ಣನನ್ನ ಯಾಕೆ ಬಿಟ್ರಿ ಅಂದ್ರೆ ಏನು ಹೇಳ್ಲಿ? ವೀಸಾ ಅಂದ್ರೆ ಹಳೇದೆಲ್ಲ ಕೆದಕ್ತಾಳೆ. ಒಂದಿನ ನನ್ನ ಬಾಯಲ್ಲಿ ನಿಜ ಬಂದುಬಿಟ್ರೆ ಸಂಸಾರ ಉಳಿಯಲ್ಲ."

ದಪ್ಪತಂತಿ ಸುತ್ತಿನ ಲೆಕ್ಕ ತಪ್ಪಿದ. ತಂತಿಯನ್ನೆಲ್ಲ ಬಿಚ್ಚಿ ಕೆಳಗಿಟ್ಟ.

"ನಾನೇ ಬ್ಯಾಂಡು ಬಿಟ್ಟೆ ಅಂತ ಹೇಳು."

ಹಾಡುವವನು ಅವನ ಕೈ ಹಿಡಿದುಕೊಂಡ, ಕಣ್ಣಲ್ಲಿ ನೀರಿತ್ತು. ಆದರೆ ಬೇಡ ಎನ್ನಲಿಲ್ಲ.

ಮರುದಿನವೇ ತಂಗಿ ಅಣ್ಣನ ಮನೆಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹೊಟ್ಟೆಕಿಚ್ಚು ಇಷ್ಟೊಂದಾ ಅಣ್ಣಾ? ನೀನು ಹೋಗೋಕಾಗ್ಲಿಲ್ಲ ಅಂತ ಅವರನ್ನ ಅರ್ಧದಾರೀಲಿ ಬಿಟ್ಟೆಯಾ? ನನ್ನ ಮದುವೆಗೂ ನಿನ್ನ ಸಿಟ್ಟೇ ಹೆಚ್ಚಾಯ್ತು, ಈಗಲೂ ಅಷ್ಟೇ."

"ತಪ್ಪಾಯ್ತಮ್ಮ" ಎಂದ ದಪ್ಪತಂತಿ.

ಆ ಮಾತು ಅವಳನ್ನು ಇನ್ನಷ್ಟು ಕೆರಳಿಸಿತು. ಅತ್ತಿಗೆ ತಂದ ನೀರನ್ನು ಮುಟ್ಟದೆ ಹೊರಟುಹೋದಳು.

ಅಂದು ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು, ನಾದಿನಿಯ ಮನೆಗೆ ಹೊರಟೇಬಿಟ್ಟಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಅವಳಿಗೆ ಇಬ್ರು ಮಕ್ಕಳಿದ್ದಾರೆ ಕಣೆ."

"ನಿಮಗೆ ಏನಿದೆ?" ಎಂದು ಕೇಳಿದಳು. ಅವಳು ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

ಎರಡನೆಯ ಪ್ರವಾಸಕ್ಕೆ ತಂಗಿಯೂ ಗಂಡನ ಜೊತೆ ಹೊರಟಳು. ಹೇಳಿಹೋಗಲು ಬಂದವಳು ಗೇಟಿನ ಹೊರಗೇ ನಿಂತು, ಕಾರು ಕಾಯುತ್ತಿದೆ ಎಂದಳು.

"ಅಲ್ಲಿ ಚಳಿ ಹೆಚ್ಚಂತೆ, ಬೆಚ್ಚಗಿರು" ಎಂದ ಅಣ್ಣ.

"ಹೂಂ" ಎಂದಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು, ಏನೋ ಕೇಳಬೇಕೆನಿಸಿರಬಹುದು. ಹಾರ್ನ್ ಕೇಳಿಸಿತು, ಹೋದಳು.

ಹಿಂದೆ ಬಂದು ನಿಂತ ಹೆಂಡತಿ, "ಒಂದ್ಸಲ ಅತ್ತಾದ್ರೂ ಬಿಡ್ರಿ" ಎಂದಳು.

"ಅಂಗಡಿಗೆ ಹೊತ್ತಾಯ್ತು" ಎಂದು ದಪ್ಪತಂತಿ ಸೈಕಲ್ ತೆಗೆದ.