ಮಾದೇವನ ಫೈಲಿಗೆ ಬಂದ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ. ನೆನಪು ತನಗೆ ಬೇಕಾದಂತೆ ಹಿಂದುಮುಂದು ಮಾಡಿಕೊಳ್ಳುತ್ತದೆ ಎಂದು. ಈಗಲೂ ಹಾಗೇ ಅನ್ನಿಸುತ್ತದೆ. ಆದ್ದರಿಂದ ನನ್ನನ್ನೂ ಪೂರ್ತಿ ನಂಬಬೇಡಿ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ, ನೀರಿನ ಪಂಪುಗಳನ್ನು ನಡೆಸುವ ಯಂತ್ರಗಳಿಗೆ ನಾವು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ಹಳೆಯ, ದೊಡ್ಡ ಪ್ರೋಗ್ರಾಂ. ಅದರ ಪ್ರತಿಯೊಂದು ಭಾಗಕ್ಕೂ ಹೆಡರ್ ಎಂಬ ಫೈಲು ಇರುತ್ತದೆ. ಆ ಭಾಗದಲ್ಲಿ ಏನೇನಿದೆ ಎಂದು ಉಳಿದ ಭಾಗಗಳಿಗೆ ತಿಳಿಸುವುದು ಅದರ ಕೆಲಸ. ನಮ್ಮಲ್ಲಿ ಪಂಪಿನ ಹೆಡರ್ ಅಲಾರಂನದನ್ನು ಕರೆಯುತ್ತಿತ್ತು, ಅಲಾರಂನದು ಟೈಮರಿನದನ್ನು, ಟೈಮರಿನದು ಮತ್ತೆ ಪಂಪಿನದನ್ನು. ಒಂದನ್ನು ಮುಟ್ಟಿದರೆ ಎಲ್ಲವೂ ಕೆಡುತ್ತಿತ್ತು. ಈ ಸುತ್ತನ್ನು ಬಿಡಿಸಿದವರೇ ತಂಡದ ಮುಖ್ಯಸ್ಥರು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಪ್ರಯತ್ನಿಸುತ್ತಿದ್ದವರು ಇಬ್ಬರೇ, ನಾನು ಮತ್ತು ಮಾದೇವ.

ಮಾದೇವ ಮೂಗೂರಿನವನು. ಇಬ್ಬರೂ ಒಂದೇ ವಾರ ಸೇರಿದವರು, ಓದಿದ್ದೂ ಒಂದೇ. ಆದರೂ ತಿ. ನರಸೀಪುರದ ಬಸ್ಸು ತಪ್ಪಿ ಅವನು ತಡವಾಗಿ ಬಂದರೂ ಮ್ಯಾನೇಜರ್ ಮುಖ ಅರಳುತ್ತಿತ್ತು. "ನಮ್ ಮಾದೇವ ಕೈ ಇಟ್ರೆ ಸಾಕು ಕಣ್ರೀ" ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅವನು ನಗುತ್ತಾ "ಎಲ್ಲಿಗ್ ಬಂತು ಮೇಡಂ ನಿಮ್ದು?" ಎಂದರೆ ಪರದೆಯನ್ನು ಆಚೆ ತಿರುಗಿಸಿಕೊಳ್ಳುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಇನ್ನೂ ಒಪ್ಪಿಗೆಯಾಗದ ಹೊಸ ಫೈಲಿಗೆ ಮನೆಯಲ್ಲಿ ಕರೆಯುವಂಥ ಹೆಸರಿಡಬೇಕು, ಅದು ಎದ್ದು ಕಂಡು, ಅಪ್ಪಿತಪ್ಪಿ ಗಿರಾಕಿಗಳಿಗೆ ಹೋಗದಿರಲಿ ಎಂದು. ಮಾದೇವ ತನ್ನ ಮನೆಯ ಹಸುಗಳ ಹೆಸರಿಡುತ್ತಿದ್ದ: ಗೌರಿ, ಕೆಂಪಿ.

ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲಿ ಕುಳಿತಿದ್ದಾಗ ನನಗೆ ದಾರಿ ಹೊಳೆಯಿತು. ಮೂರು ಹೆಡರುಗಳಿಗೂ ಬೇಕಾದ ಸಣ್ಣ ಭಾಗವೊಂದನ್ನು ಕಿತ್ತು, ಬೇರೆ ಯಾವುದನ್ನೂ ಕರೆಯದ ಹೊಸ ಫೈಲಿನಲ್ಲಿಟ್ಟೆ. ಸುತ್ತು ಬಿಚ್ಚಿಕೊಂಡಿತು. ನನ್ನ ಲ್ಯಾಪ್‌ಟಾಪಿನಲ್ಲಷ್ಟೇ ಇದ್ದ ಆ ಫೈಲಿಗೆ ಚವ್ವಂಗಿ ಎಂದು ಹೆಸರಿಟ್ಟೆ. ನನ್ನ ಅಕ್ಕ ಸರ್ವಮಂಗಳಾಳ ಹೆಸರು ನನ್ನ ತೊದಲುನಾಲಿಗೆಗೆ ಹಾಗೆ ಬರುತ್ತಿತ್ತಂತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ತೀರಿಕೊಂಡಳು. ಆಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿಲ್ಲ.

ಸೋಮವಾರ ಮೊದಲು ತೋರಿಸಿದವನು ಮಾದೇವ. ಅವನ ಕೆಲಸ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿತು. ನಾನು ಕಿತ್ತ ಭಾಗವನ್ನೇ ಅವನೂ ಕಿತ್ತಿದ್ದ. ಅದು ಸರಿ, ಇದ್ದದ್ದೇ ಅದೊಂದು ದಾರಿ. ಆದರೆ ಫೈಲಿನ ಹೆಸರೂ ಚವ್ವಂಗಿ.

"ಇದ್ಯಾವ್ ಹಸುನೋ ಮಾದೇವ?" ಎಂದು ಮ್ಯಾನೇಜರ್ ನಕ್ಕರು.

"ಅಸ ಅಲ್ಲ ಸಾ. ಯಾರೋ, ನಂಗೂ ಗೊತ್ತಿಲ್ಲ. ಶನಿವಾರದಿಂದ ಬಾಯಲ್ಲೇ ಕುಂತ್ಬುಟ್ಟದೆ, ಓಯ್ತಾನೇ ಇಲ್ಲ" ಎಂದ ಮಾದೇವ.

ನಾನು ನನ್ನದನ್ನು ತೋರಿಸಲಿಲ್ಲ. ತೋರಿಸಿದ್ದರೆ ಅವನದನ್ನು ಕದ್ದೆ ಎನ್ನುತ್ತಿದ್ದರು. ಅಲ್ಲೇ ಕುಳಿತು ಅಳಿಸಿಹಾಕಿದೆ. ಹಾಗಾಗಿ ನನ್ನ ಬಳಿ ಯಾವ ಸಾಕ್ಷಿಯೂ ಇಲ್ಲ. ಎಂದಾದರೂ ಮಾತಿನ ಭರದಲ್ಲಿ ಅಕ್ಕನ ವಿಷಯ ನಾನೇ ಅವನಿಗೆ ಹೇಳಿದ್ದೆನೇ? ನೆನಪಿಲ್ಲ. ಅಥವಾ ಗೋಡೆಯ ಮೇಲೆ ಕಂಡ ಹೆಸರನ್ನು ನನ್ನ ಹೊಟ್ಟೆಕಿಚ್ಚೇ ಆಮೇಲೆ ನನ್ನ ಶನಿವಾರದೊಳಕ್ಕೆ ತುರುಕಿತೇ? ಹಾಗಿದ್ದರೂ ಅವನಿಗೆ ಅದು ಸಿಕ್ಕಿದ್ದೆಲ್ಲಿಂದ?

ಮುಖ್ಯಸ್ಥನ ಕುರ್ಚಿ ಮಾದೇವನಿಗೇ ಹೋಯಿತು. ಆ ಉರಿ ಕೆಲವು ತಿಂಗಳಲ್ಲಿ ಆರಿತು. ಆರದೆ ಉಳಿದದ್ದು ಬೇರೆ. ಆ ವಾರವೆಲ್ಲ, ಸರಿಯಾದ ಹೆಸರು ಇಡುವವರೆಗೂ, ಅವನು ಫೈಲು ಹುಡುಕುತ್ತಾ "ಎಲ್ಲಿದ್ದೀಯಮ್ಮಿ ಚವ್ವಂಗಿ" ಎಂದು ಸಲೀಸಾಗಿ ಕರೆಯುತ್ತಿದ್ದ. ಬಾಯಿಬಿಟ್ಟು ಹಾಗೆ ಕರೆಯಲು ನನಗೆ ಇವತ್ತಿಗೂ ಆಗಿಲ್ಲ. ಇಷ್ಟು ವರ್ಷ ಕಾದವಳು ನಾನು. ಅಕ್ಕ ಬಂದದ್ದೇ ನಿಜವಾದರೆ, ನನ್ನನ್ನು ಬಿಟ್ಟು ಅವನ ಬಾಯಿಗೆ ಏಕೆ ಬಂದಳು?