ಚಿಗರಿಯ ಲೈವ್ ಡೆಮೋ

‘ವನ್ಯಪ್ರಾಣಿ ಅಪಾಯದಲ್ಲಿದ್ದರೆ ತಕ್ಷಣ ಈ ನಂಬರಿಗೆ ಕರೆ ಮಾಡಿ’ ಎಂದು ಅಧ್ಯಕ್ಷರು ಹಿಂದಿನ ಬ್ಯಾನರ್ ಕಡೆ ಕೈ ತೋರಿಸುತ್ತಿದ್ದಾಗಲೇ ಅವರ ಜೇಬಿನಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ಕಟ್ ಮಾಡಿದರು. ಮತ್ತೆ ಹೊಡೆದುಕೊಂಡಿತು. ಮತ್ತೆ ಕಟ್. ಕೊನೆಗೆ ಸ್ವಿಚ್ ಆಫ್ ಮಾಡಿ, ‘ಈ ಮೊಬೈಲಿನಿಂದ ಮನಷ್ಯಾಗ ನೆಮ್ಮದಿ ಇಲ್ಲದಂಗ ಆಗೈತಿ ನೋಡ್ರಿ’ ಎಂದು ನಕ್ಕರು. ಸಭೆಯೂ ನಕ್ಕಿತು.

ಬ್ಯಾನರ್ ಮೇಲಿದ್ದದ್ದು ಅದೇ ಮೊಬೈಲಿನ ನಂಬರ್!

ಕಳೆದ ವಾರ ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಸಂಗತಿ ಇದು. ಹಳ್ಳಿಯ ಜನರಿಗೂ ಅರಣ್ಯ ಸಿಬ್ಬಂದಿಗೂ ಸೇರಿಸಿ ವನ್ಯಜೀವಿ ಸಂರಕ್ಷಣೆಯ ತರಬೇತಿ ಮತ್ತು ಜಾಗೃತಿ. ನಡೆಸಿದವರು ಈ ಅಧ್ಯಕ್ಷರ ಯಾವುದೋ ಒಂದು ಸಂಘದವರು. ‘ಮಾಧ್ಯಮದ ಪಾತ್ರ’ದ ಬಗ್ಗೆ ಎರಡು ಮಾತಾಡಲು ನನ್ನನ್ನು ಹಾವೇರಿಯಿಂದ ಕರೆಸಿದ್ದರು. (ಮಾಧ್ಯಮದ ಪಾತ್ರ ನಿಮಗೆ ಗೊತ್ತೇ ಇದೆ. ಊಟ ಮಾಡುವುದು, ಸುದ್ದಿ ಹಾಕುವುದು.)

ಬ್ಯಾನರ್ ತುಂಬ ಹುಲಿ. ನಮ್ಮ ಸೀಮೆಯ ಹೊಲಗಳಲ್ಲಿ ಓಡಾಡುವುದು ಚಿಗರಿ. ಪುಸ್ತಕದವರು ಅದನ್ನು ಕೃಷ್ಣಮೃಗ ಎನ್ನುತ್ತಾರೆ. ಇರಲಿ, ಹುಲಿ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದಲ್ಲ!

ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಮಾತ್ರ ಚಿಗರಿಯ ಬಗ್ಗೆಯೇ ಹೇಳಿದರು. ‘ಇದು ತುಂಬಾ ಸೂಕ್ಷ್ಮ ಪ್ರಾಣಿ. ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಸುತ್ತ ಜನ ಸೇರಬಾರದು. ಗಾಯದಿಂದಲ್ಲ, ಗಾಬರಿಯಿಂದಲೇ ಸತ್ತುಹೋಗಬಹುದು.’ ಎಲ್ಲರೂ ತಲೆ ಆಡಿಸಿದರು. ಕೆಲವರು ಪರದೆಯ ಫೋಟೊ ಹೊಡೆದುಕೊಂಡರು. ಕಲಿತಂತೆ ಆಯಿತು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕುಪ್ಪೇಲೂರು ಕಡೆಯ ನೀಲವ್ವ. ಯಾರದೋ ಬೈಕ್ ಹತ್ತಿ ಬಂದವಳ ತಲೆ, ಸೀರೆ ಎಲ್ಲ ಧೂಳು.

‘ಆವಾಗಿಂದ ಫೋನ್ ಹಚ್ಚಾಕತ್ತೇನಿ. ನಂಬರ್ ಕೊಟ್ಟೋರೂ ನೀವ, ಕಟ್ ಮಾಡೋರೂ ನೀವ ಏನ್ರಿ?’ ಎಂದು ಅಲ್ಲಿಂದಲೇ ಕೂಗಿದಳು. ‘ನಮ್ಮ ಬಾಜೂ ಹೊಲದಾಗ ಹಂದಿಗೆ ಕಟ್ಟಿದ ಬಲ್ಯಾಗ ಚಿಗರಿ ಸಿಕ್ಕೊಂಡೈತಿ. ನಾಯಿ ಕೂಡ್ಯಾವು. ನಮ್ಮತ್ತಿ ಕೈಯಾಗ ಬಡಿಗಿ ಕೊಟ್ಟು ಕುಂದ್ರಿಸಿ ಬಂದೇನಿ. ಲಗೂ ಬರ್ರಿ!’

ಅಧ್ಯಕ್ಷರು ಮೈಕಿನಲ್ಲೇ ಹೇಳಿದರು: ‘ಕುಂದ್ರವ್ವಾ, ಸನ್ಮಾನ ಒಂದು ಮುಗೀಲಿ.’

‘ಯಾರಿಗ್ರಿ ಸನ್ಮಾನ?’

‘ಪ್ರಾಣಿಪ್ರಿಯರಿಗೆ.’

ಹಿಂದಿನ ಸಾಲಿನಿಂದ ಬ್ಯಾಡಗಿ ಕಡೆಯ ಫಾರೆಸ್ಟ್ ಗಾರ್ಡ್ ಮಂಜುನಾಥ ಎದ್ದು ನಿಂತ. ‘ಸರ್, ನಾನೊಬ್ಬನ ಹೋಗಿ ಬರ್ತೇನ್ರಿ. ಒಂದು ಚಾಕು ಇದ್ರ ಸಾಕು.’

‘ನೀ ಹೋದ್ರ ಇಲ್ಲಿ ತರಬೇತಿ ತಗೊಳ್ಳೋರು ಯಾರಪಾ?’ ಎಂದರು ಅಧ್ಯಕ್ಷರು. ಮಂಜುನಾಥ ಮುಂದಿನ ಸಾಲಿನಲ್ಲಿದ್ದ ತನ್ನ ಸಾಹೇಬರ ಮುಖ ನೋಡಿದ. ಸಾಹೇಬರು ಹುಲಿಯನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಅಧ್ಯಕ್ಷರಿಗೆ ಏನೋ ಹೊಳೆಯಿತು. ‘ಎಲ್ಲಾರೂ ಹೋಗೂಣ್ರಿ! ಲೈವ್ ಡೆಮೋ ಆಗ್ತೈತಿ!’

ಒಂದು ಜೀಪು, ಎರಡು ಕಾರು, ಒಂದು ಟೆಂಪೋ. ಮದುವೆ ದಿಬ್ಬಣ ಹೊರಟಂತೆ ಹೊರಟೆವು. (ಬ್ಯಾನರನ್ನೂ ಬಿಚ್ಚಿಕೊಂಡು ತಂದಿದ್ದರು. ನಂಬುತ್ತೀರೋ ಇಲ್ಲವೋ!) ನಾನು ಟೆಂಪೋದಲ್ಲಿ ನೀಲವ್ವನ ಪಕ್ಕ ಕುಳಿತೆ.

‘ಚಿಗರಿ ನಿಮ್ಮ ಶೇಂಗಾ ತಿನ್ನೂದಿಲ್ಲೇನ್ ನೀಲವ್ವಾ?’

‘ತಿಂತಾವ್ರಿ. ಬಾಯಿಗೆ ಬಂದಂಗ ಬೈತೇನಿ. ಹಂಗಂತ ನಾಯಿ ಹರಿಯೂದನ್ನ ನೋಡ್ಕೋತ ಕುಂದ್ರಾಕ ಆಗ್ತೈತೇನ್ರಿ?’ ಎಂದಳು. ದಾರಿಯುದ್ದಕ್ಕೂ ಡ್ರೈವರನಿಗೆ ‘ಲಗೂ ಹೊಡಿ’ ಎನ್ನುತ್ತಲೇ ಇದ್ದಳು.

ಹೊಲದ ಬದುವಿನ ಮೇಲೆ ಅವಳ ಅತ್ತೆ ಬಡಿಗೆ ಹಿಡಿದು ಕುಳಿತಿದ್ದಳು. ನಾಯಿಗಳು ದೂರ ಹೋಗಿದ್ದವು. ಚಿಗರಿ ಬಲೆಯಲ್ಲಿ ಮಲಗಿತ್ತು. ಅದರ ಮುಖದ ಮೇಲೆ ನೀಲವ್ವನ ಹಳೆಯ ಸೀರೆ.

‘ಮಾರಿ ಮುಚ್ಚಿದ ಮ್ಯಾಲೆ ಸುಮ್ಮನಾಗೈತ್ರಿ. ಸಾವಕಾಶ ಹೋಗ್ರಿ’ ಎಂದಳು ಮುದುಕಿ.

ಸಾವಕಾಶ? ನಾಲ್ಕು ಗಾಡಿಗಳ ಬಾಗಿಲು ದಡಬಡ ತೆರೆದುಕೊಂಡವು. ಎಲ್ಲರಿಗೂ ಮುಂದೆ ನಿಲ್ಲಬೇಕು. ಎಲ್ಲರ ಕೈಯಲ್ಲೂ ಮೊಬೈಲ್. ತರಬೇತುದಾರರು ‘ದಯವಿಟ್ಟು ಹಿಂದೆ ಸರೀರಿ’ ಎಂದು ಬೇಡಿಕೊಳ್ಳುತ್ತಿದ್ದರು, ಪಾಪ. ಯಾರಿಗೆ ಕೇಳಬೇಕು? ಅಧ್ಯಕ್ಷರು ಕೈಮೈಕ್ ಬಾಯಿಗೆ ಹಿಡಿದು ಅಬ್ಬರಿಸಿದರು: ‘ಯಾರೂ ಗದ್ದಲ ಮಾಡಬಾರದು!’

ಚಿಗರಿ ಬೆಚ್ಚಿ ಕಾಲು ಜಾಡಿಸಿತು. ಮಂಜುನಾಥ ಚಾಕು ಹಿಡಿದು ಬಗ್ಗಿಕೊಂಡೇ ಹತ್ತಿರ ಹೋದ. ಒಂದು ಕಾಲು ಬಿಡಿಸಿದ. ಇನ್ನೊಂದಕ್ಕೆ ಕೈ ಹಾಕಿದ್ದ. ಅಷ್ಟರಲ್ಲಿ ಫೋಟೊಗ್ರಾಫರ್, ‘ಮಾರಿ ಕಾಣವಲ್ದರಿ’ ಎಂದವನೇ ಸೀರೆ ಎಳೆದುಬಿಟ್ಟ.

ಚಿಗರಿ ಕಣ್ಣು ಬಿಟ್ಟಿತು. ಎದುರಿಗೆ ನಾವೆಲ್ಲ.

ಒಮ್ಮೆ ನೆಗೆಯಿತು. ಬಲೆ ಸಮೇತ ಬಿದ್ದಿತು. ಮತ್ತೆ ನೆಗೆಯಿತು. ಬಾಯಿ ತೆರೆದು ಏದುಸಿರು ಬಿಟ್ಟಿತು. ಆಮೇಲೆ ಕತ್ತು ಮಣ್ಣಿನ ಮೇಲೆ ಬಿತ್ತು. ಮಂಜುನಾಥ ಅದರ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತ. ಕೊನೆಗೆ ನಮ್ಮ ಕಡೆ ತಿರುಗದೆಯೇ ತಲೆ ಅಲ್ಲಾಡಿಸಿದ.

ನೀಲವ್ವ ಸೀರೆ ಎತ್ತಿಕೊಂಡು ಮಣ್ಣು ಝಾಡಿಸಿ ಮಡಚಿದಳು.

‘ನಾಯಿ ಬಾಯಿಂದ ಉಳಿಸಿದ್ನಲ್ರಿ’ ಎಂದಳು. ಅಷ್ಟೇ. ಬೈದಿದ್ದರೆ ನಮಗೂ ಸ್ವಲ್ಪ ಹಗುರಾಗುತ್ತಿತ್ತು. ಬೈಯಲಿಲ್ಲ. ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿ ಚಿಗರಿಯ ಮೇಲೆ ಹೊದಿಸಿ, ಅತ್ತೆಯ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. ‘ಅಗಲಿದ ಮೂಕ ಜೀವಕ್ಕೆ ಒಂದು ನಿಮಿಷ ಮೌನ ಆಚರಿಸೂಣ್ರಿ.’

ಎಲ್ಲರೂ ಕೈಕಟ್ಟಿ ನಿಂತರು. ಇಬ್ಬರು ಬ್ಯಾನರ್ ಹಿಡಿದರು. ಫೋಟೊಗ್ರಾಫರ್ ಕೂಡ ಸದ್ದಿಲ್ಲದೆ ಕೆಲಸ ಮುಗಿಸಿದ. ಮೊಬೈಲ್ ಇಲ್ಲ, ಮೈಕ್ ಇಲ್ಲ, ಒಬ್ಬರೂ ಮಿಸುಕಲಿಲ್ಲ. ಇಷ್ಟು ಶಿಸ್ತು ಇವರಲ್ಲಿ ಎಲ್ಲಿ ಅಡಗಿತ್ತು ಎಂದು ನನಗೇ ಆಶ್ಚರ್ಯ.

ಆ ಮೌನವನ್ನು ಗಾಡಿ ಇಳಿಯುವಾಗಲೇ ಆಚರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು?